ತಾತ ಗೋಡೆ ಏರಿದ ಕಥೆ

ಸುಮಾರು ಕ್ರಿ.ಶ. 949-50ರ ಹೊತ್ತಿಗೆ ಒಂದು ನಾಯಿ ಸತ್ತಿತು. ಹೆಸರು ಕಾಳಿ. ದೊಡ್ಡದೊಂದು ಕಾಡುಹಂದಿಯ ಮೇಲೆ ಬಿದ್ದು ಅದನ್ನೂ ಕೊಂದು ತಾನೂ ಸತ್ತಿತು. ಆ ನಾಯಿಯನ್ನು ಕೇಳಿ ಪಡೆದಿದ್ದ, ಗಂಗ ದೊರೆ ಬೂತುಗನ ಕಡೆಯ ಮಣಲೇರ ಅದಕ್ಕೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಒಂದು ಕಲ್ಲು ನಿಲ್ಲಿಸಿದ, ಪೂಜೆಗೆಂದು ಭೂಮಿಯನ್ನೂ ಬಿಟ್ಟ. ಈ ಕಲ್ಲನ್ನು ಪೂಜಿಸದೆ ಉಂಡವನಿಗೆ ನಾಯಿಯ ಪಾಪ ತಟ್ಟಲಿ ಎಂದು ಬರೆಸುವುದನ್ನೂ ಮರೆಯಲಿಲ್ಲ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ.

ಆ ಕಾಲದಲ್ಲಿ ಆತಕೂರಿನಲ್ಲಿ ಎಷ್ಟೋ ಮುದುಕರೂ ಸತ್ತಿರಬೇಕು. ಹೆಂಡತಿಗೆ ಒಳ್ಳೆಯ ಗಂಡನಾಗಿ, ಮಕ್ಕಳನ್ನು ಸಾಕಿ, ಮೊಮ್ಮಕ್ಕಳನ್ನು ಹೆಗಲ ಮೇಲೆ ಹೊತ್ತು ತಿರುಗಿ, ಒಂದು ದಿನ ಜ್ವರ ಬಂದು ಹೋದವರು. ಅವರಿಗೆ ಯಾರೂ ಕಲ್ಲು ನಿಲ್ಲಿಸಲಿಲ್ಲ. ಇಂದು ಅಂಥದೇ ತಾತ ನಮ್ಮ ನಡುಮನೆಯ ಗೋಡೆಯ ಮೇಲೆ ಗಂಧದ ಚಕ್ಕೆಯ ಹಾರ ಹಾಕಿಕೊಂಡು, ಮುಂದೊಂದು ಕೆಂಪು ಬಲ್ಬು ಉರಿಸಿಕೊಂಡು ಕೂತಿದ್ದಾರೆ. ವರ್ಷಕ್ಕೊಮ್ಮೆ ದಿನಪತ್ರಿಕೆಯಲ್ಲೂ ಕಾಣಿಸಿಕೊಳ್ಳುತ್ತಾರೆ. ಇದು ನಮಗೆ ಅನಾದಿ ಕಾಲದ ಪದ್ಧತಿಯಂತೆ ಕಾಣುತ್ತದೆ. ಆದರೆ ನಾಯಿಗೆ ಸಿಕ್ಕ ಗೌರವ ತಾತನಿಗೆ ಸಿಗಲು ಸಾವಿರ ವರ್ಷ ಹಿಡಿಯಿತು.

ನಮ್ಮ ನಾಡಿನ ತುಂಬ ವೀರಗಲ್ಲುಗಳಿವೆ. ಹೊಲದ ಬದುವಿನಲ್ಲಿ, ಕೆರೆ ಏರಿಯ ಮೇಲೆ, ಹಾಳು ಗುಡಿಯ ಬೆನ್ನಿಗೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಹೊತ್ತೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ಅವೆಲ್ಲ ರಾಜರ ಕಲ್ಲುಗಳಲ್ಲ. ತುರುಗೋಳಿನಲ್ಲಿ ಊರ ದನ ಬಿಡಿಸಲು ಹೋಗಿ ಸತ್ತ ಸಾಮಾನ್ಯರೂ ಅಲ್ಲಿದ್ದಾರೆ. ಸತ್ತವನ ಮನೆಯವರಿಗೆ ನೆತ್ತರುಗೊಡಗೆ ಎಂದು ಭೂಮಿ ಕೊಡುವ ಪದ್ಧತಿಯೂ ಇತ್ತು. ಅಂತೂ ಕಲ್ಲಿಗೆ ಬೇಕಾದದ್ದು ಜಾತಿ, ದುಡ್ಡಿಗಿಂತ ಹೆಚ್ಚಾಗಿ ಸಾಯುವ ರೀತಿ. ಕತ್ತಿಗೆ ಸತ್ತರೆ ವೀರಗಲ್ಲು. ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟರೆ ನಿಸಿದಿಗಲ್ಲು. ಬಂಕಾಪುರದಲ್ಲಿ ಹಾಗೆ ಮುಡಿಪಿದ ಗಂಗರ ಮಾರಸಿಂಹನ ನೆನಪಿಗೆ ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಕಂಬವೇ ಇದೆ. ಗಂಡನ ಚಿತೆ ಏರಿದ ಹೆಂಡತಿಗೆ ಮಾಸ್ತಿಕಲ್ಲು. ಮುಪ್ಪಿನಿಂದ ಚಾಪೆಯ ಮೇಲೆ ಸತ್ತವನಿಗೆ ಏನೂ ಇಲ್ಲ.

ಹಾಗೆಂದು ಮನೆಯವರು ಅವನನ್ನು ಮರೆತರೆಂದಲ್ಲ. ಶ್ರಾದ್ಧ ಮಾಡುವ ಮನೆಗಳಲ್ಲಿ ಎಳ್ಳುನೀರು ಬಿಡುವುದು ಮೂರು ತಲೆಮಾರಿಗೆ: ಅಪ್ಪ, ಅಜ್ಜ, ಮುತ್ತಜ್ಜ. ವಸು, ರುದ್ರ, ಆದಿತ್ಯ ರೂಪದಲ್ಲಿ ಅವರನ್ನು ಕರೆಯುತ್ತಾರೆ. ಹೊಸದಾಗಿ ಸತ್ತವರನ್ನು ಸಪಿಂಡೀಕರಣದಲ್ಲಿ ಈ ಸಾಲಿಗೆ ಸೇರಿಸಿದ ಕೂಡಲೇ ಸಾಲಿನ ತುದಿಯಲ್ಲಿದ್ದ ಹಿರಿಯರು ಹೆಸರು ಕಳೆದುಕೊಂಡು ಆಚೆ ಸರಿಯುತ್ತಾರೆ. ನೆನಪಿಗೆ ಇಷ್ಟು ನಿರ್ದಾಕ್ಷಿಣ್ಯವಾಗಿ ಗಡಿ ಹಾಕಿದ ವ್ಯವಸ್ಥೆ ಬೇರೆ ಇದೆಯೋ ಇಲ್ಲವೋ. ನನಗಂತೂ ಅದರ ಪ್ರಾಮಾಣಿಕತೆ ಇಷ್ಟ. ತುಳುನಾಡಿನಲ್ಲಿ ಬೊಜ್ಜವೆಂಬ ಉತ್ತರಕ್ರಿಯೆಯಲ್ಲಿ ಸತ್ತವರನ್ನು ‘ಹದಿನಾರಕ್ಕೆ’, ಅಂದರೆ ಹಿರಿಯರ ಸಾಲಿಗೆ, ಸೇರಿಸುತ್ತಾರೆ. ಕೊಡಗಿನಲ್ಲಿ ಕುಲದ ಮೂಲಮನೆಯಾದ ಐನ್‌ಮನೆಯ ಪಕ್ಕದ ಕೈಮಡದ ಗುಡಿಯಲ್ಲಿ ಹಿರಿಯರಾದ ಕಾರಣರಿಗೆ ವರ್ಷಕ್ಕೊಮ್ಮೆ ಎಡೆ ಸಲ್ಲುತ್ತದೆ. ಹಳೆ ಮೈಸೂರಿನ ಕಡೆ ಹಾಲು ತುಪ್ಪ, ತಿಥಿ. ಮಹಾಲಯದ ಹೊತ್ತಿಗೆ ಹಿರಿಯರ ಹಬ್ಬ. ಆಗ ಕಳಸ ಇಟ್ಟು, ಅದರ ಮುಂದೆ ಹೊಸ ಪಂಚೆ, ಸೀರೆ ಮಡಿಸಿಟ್ಟು, ಧೂಪ ಹಾಕುತ್ತಾರೆ. ಎಲ್ಲ ಕಡೆಯೂ ಹೆಸರುಂಟು, ಊಟವುಂಟು. ಮುಖ ಮಾತ್ರ ಇಲ್ಲ. ಮುತ್ತಾತನ ಮೂಗು ಹೇಗಿತ್ತೆಂದು ತಿಳಿಯಬೇಕಾದರೆ ಮನೆಯಲ್ಲಿ ಹುಟ್ಟಿದ ಯಾವುದೋ ಮಗುವಿನ ಮೂಗು ನೋಡಬೇಕಾಗಿತ್ತು.

ಮುಖ ತಂದದ್ದು ಕ್ಯಾಮೆರಾ. 1839ರಲ್ಲಿ ಪ್ಯಾರಿಸ್ಸಿನಲ್ಲಿ ಈ ವಿದ್ಯೆಯನ್ನು ಸಾರಿದ ಸ್ವಲ್ಪ ಕಾಲದಲ್ಲೇ ಅದು ಕಲ್ಕತ್ತಕ್ಕೆ ಬಂತು. ಅರಮನೆ, ದಂಡು ಪ್ರದೇಶ, ಪಟ್ಟಣದ ಸ್ಟುಡಿಯೊ ದಾಟಿ ಹಳ್ಳಿಗೆ ಬರಲು ಮಾತ್ರ ಬಹಳ ನಿಧಾನ ಮಾಡಿತು. ಫೋಟೊ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆಂಬ ಅಂಜಿಕೆ ಬೇರೆ. ಹೀಗಾಗಿ ಎಷ್ಟೋ ಜನರ ಮೊದಲ ಫೋಟೊ ಸತ್ತ ಮೇಲೆ ತೆಗೆದದ್ದು. ಪಟ್ಟಣದಿಂದ ಫೋಟೊದವನನ್ನು ಕರೆಸಿ, ಹೆಣವನ್ನು ಕುರ್ಚಿಯಲ್ಲಿ ಕುಳ್ಳಿರಿಸಿ, ಹಣೆಗೆ ವಿಭೂತಿಯನ್ನೋ ನಾಮವನ್ನೋ ಇಟ್ಟು, ಸುತ್ತ ಮನೆಮಂದಿ ನಿಂತು ಒಂದು ಗುಂಪು ಚಿತ್ರ. ಲಿಂಗಾಯತರಲ್ಲಿ ಸತ್ತವರನ್ನು ಕುಳ್ಳಿರಿಸಿಯೇ ವಿಮಾನದಲ್ಲಿ ಒಯ್ಯುವುದರಿಂದ ಅಲ್ಲಿ ಇದು ಅಷ್ಟೇನೂ ವಿಚಿತ್ರವೆನಿಸಲಿಲ್ಲ. ಆ ಚಿತ್ರಗಳಲ್ಲಿ ಅಲುಗಾಡದೆ ಸರಿಯಾಗಿ ಬಂದಿರುವವರು ಒಬ್ಬರೇ. ಉಳಿದವರಲ್ಲಿ ಒಂದು ಮಗು ಕೈ ಬೀಸಿ ಮಸುಕಾಗಿರುತ್ತದೆ, ಸೊಸೆ ಸೆರಗಿನಿಂದ ಬಾಯಿ ಮುಚ್ಚಿರುತ್ತಾಳೆ.

ಬಡ ತಾತಂದಿರ ಮುಖ ಉಳಿಸಿದ ಪುಣ್ಯದಲ್ಲಿ ಚುನಾವಣಾ ಆಯೋಗಕ್ಕೂ ಪಾಲಿದೆ. ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಕಾಲದಲ್ಲಿ, 1993ರಿಂದ, ಮತದಾರರ ಗುರುತಿನ ಚೀಟಿ ಬಂತು. ಊರಿನ ಶಾಲೆಯ ಗೋಡೆಗೆ ಬೆನ್ನು ಕೊಟ್ಟು, ಎದುರಿನ ಬಿಸಿಲಿಗೆ ಕಣ್ಣು ಕಿರಿದು ಮಾಡಿ ತೆಗೆಸಿಕೊಂಡ ಆ ಬೆರಳಗಲದ ಚಿತ್ರವೇ ಮುಂದೆ ಸ್ಟುಡಿಯೊ ಕಂಪ್ಯೂಟರಿನಲ್ಲಿ ಹಿಗ್ಗಿತು. ಬರಿಮೈಯ ಮೇಲೆ ಟವೆಲು ಹೊದ್ದಿದ್ದವರಿಗೆ ಕೋಟು ಬಂತು, ಹಿಂದೆ ನೀಲಿ ಪರದೆ ಬಂತು, ನರೆತ ಹುಬ್ಬು ಕಪ್ಪಾಯಿತು. “ಟೈ ಹಾಕ್ಲಾ, ಬ್ಯಾಡ್ವಾ?” ಎಂದು ಸ್ಟುಡಿಯೊದ ಹುಡುಗ ಕೇಳುತ್ತಾನೆ. “ಟೈ ಬ್ಯಾಡ, ಪೇಟ ಇದ್ರೆ ಹಾಕು” ಎನ್ನುತ್ತಾನೆ ಮಗ. ಬದುಕಿದ್ದಾಗ ತೊಡದ ಕೋಟನ್ನು ಗೋಡೆಯ ಮೇಲೆ ತೊಟ್ಟ ತಾತಂದಿರ ಲೆಕ್ಕ ಇಟ್ಟವರಿಲ್ಲ.

ತಾತ ಪತ್ರಿಕೆಗೆ ಬಂದದ್ದು ಇನ್ನೊಂದು ದಾರಿಯಿಂದ. ಹೆರ್ಮನ್ ಮೋಗ್ಲಿಂಗ್ 1843ರಲ್ಲಿ ಮಂಗಳೂರ ಸಮಾಚಾರ ಹೊರಡಿಸಿದಾಗ ಕನ್ನಡಕ್ಕೆ ಪತ್ರಿಕೆ ಹುಟ್ಟಿತು. ಆದರೆ ಹುಟ್ಟು, ಮದುವೆ, ಸಾವುಗಳನ್ನು ದುಡ್ಡು ಕೊಟ್ಟು ಅಚ್ಚು ಹಾಕಿಸುವ ರೂಢಿ ಇಂಗ್ಲಿಷ್ ಪತ್ರಿಕೆಗಳದು. ಕನ್ನಡದ ಮನೆಗಳಿಗೆ ಬಹಳ ಕಾಲ ತಿಥಿಯ ಕಾರ್ಡು ಸಾಕಾಗಿತ್ತು. ಊರು ಬಿಟ್ಟು ಬೆಂಗಳೂರು, ಮುಂಬೈ ಸೇರಿದ ಮಕ್ಕಳ ಗೆಳೆಯರು, ಸಹೋದ್ಯೋಗಿಗಳು ಒಂದೇ ಬೀದಿಯಲ್ಲಿ ಇಲ್ಲವಾದಾಗ ಸುದ್ದಿ ಮುಟ್ಟಿಸಲು ಪತ್ರಿಕೆ ಬೇಕಾಯಿತು. ಅದರ ಬೆನ್ನಿಗೇ ಒಂದು ತೊಡಕೂ ಬಂತು. ಪತ್ರಿಕೆ ತಾರೀಕಿನ ಮೇಲೆ ನಡೆಯುತ್ತದೆ, ಶ್ರಾದ್ಧ ತಿಥಿಯ ಮೇಲೆ. ಆಷಾಢ ಬಹುಳ ಪಂಚಮಿ ಒಂದರ ಹಿಂದೊಂದು ಎರಡು ವರ್ಷ ಒಂದೇ ತಾರೀಕಿಗೆ ಬೀಳುವುದಿಲ್ಲ. ಅನೇಕ ಮನೆಗಳಲ್ಲಿ ಈಗ ತಾತನಿಗೆ ವರ್ಷಕ್ಕೆ ಎರಡು ಪುಣ್ಯದಿನ: ಒಂದು ಪುರೋಹಿತರಿಗೆ, ಇನ್ನೊಂದು ಪತ್ರಿಕೆಗೆ. ಜನನದ ದಿನಾಂಕ ಕೊಡಿ ಎಂದರೆ ಇನ್ನೂ ಕಷ್ಟ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ಜೂನ್ 1 ಇದ್ದೇ ಇದೆಯಲ್ಲ!

ಜಾಹೀರಾತಿನ ಒಕ್ಕಣೆ ಜಾತಿ, ಸೀಮೆಗಳಿಗೆ ತಕ್ಕಂತೆ ಬದಲಾಗುತ್ತದೆ. ಒಬ್ಬರು ದೈವಾಧೀನರಾದರೆ ಇನ್ನೊಬ್ಬರು ಲಿಂಗೈಕ್ಯರು. ಅಲ್ಲಿ ವೈಕುಂಠ ಸಮಾರಾಧನೆಯಾದರೆ ಇಲ್ಲಿ ಶಿವಗಣಾರಾಧನೆ, ಕರಾವಳಿಯಲ್ಲಿ ಉತ್ತರಕ್ರಿಯೆ. ಕೆಳಗಿನ ಪಟ್ಟಿ ಮಾತ್ರ ಎಲ್ಲರಲ್ಲೂ ಒಂದೇ: ಪತ್ನಿ, ಮಕ್ಕಳು, ಸೊಸೆಯಂದಿರು, ಅಳಿಯಂದಿರು, ಮೊಮ್ಮಕ್ಕಳು, ಬಂಧುಮಿತ್ರರು. ಜಗಳ ಹುಟ್ಟುವುದೂ ಆ ಪಟ್ಟಿಯಲ್ಲೇ. ದೊಡ್ಡಣ್ಣನ ಹೆಸರು ಮೊದಲು ಬಂತೇ, ಮನೆ ಬಿಟ್ಟು ಹೋದ ಮಗನನ್ನು ಸೇರಿಸಿದರೇ, ಎರಡನೆಯ ಹೆಂಡತಿಯ ಮಕ್ಕಳು ಎಲ್ಲಿ? ಇತ್ತ ಪೌತಿ ಖಾತೆ ಮಾಡಿಸಲು ವಂಶವೃಕ್ಷದ ಪ್ರಮಾಣಪತ್ರಕ್ಕೆ ಓಡಾಟ ನಡೆದಿರುವಾಗ ಪತ್ರಿಕೆಯ ಪಟ್ಟಿಗೆ ವಿಪರೀತ ತೂಕ ಬರುತ್ತದೆ. ರಾಮ್ ರೆಡ್ಡಿಯವರ 2015ರ ‘ತಿಥಿ’ ಚಿತ್ರದಲ್ಲಿ ಸೆಂಚುರಿ ಗೌಡ ಸತ್ತ ಮೇಲೆ ಮೊಮ್ಮಗ ಜಮೀನಿಗಾಗಿ ಬದುಕಿರುವ ತನ್ನಪ್ಪನಿಗೇ ಮರಣ ಪತ್ರ ಮಾಡಿಸಲು ಹೊರಡುತ್ತಾನೆ. ಮಂಡ್ಯದ ಜನ ಅದನ್ನು ನೋಡಿ ನಕ್ಕಿದ್ದು ಕಟ್ಟುಕಥೆ ಎಂದಲ್ಲ.

ಇಷ್ಟೆಲ್ಲ ದೂರ ಬಂದ ತಾತನ ಜಾಹೀರಾತನ್ನು ಓದಿದರೆ ಅವರು ಎಂಥವರೆಂದು ತಿಳಿಯುವುದಿಲ್ಲ ಎಂಬುದೇ ನನ್ನ ತಕರಾರು. ಯಾರ ಗಂಡ, ಎಷ್ಟು ಮೊಮ್ಮಕ್ಕಳ ಅಜ್ಜ ಎಂಬುದುಂಟು. ನಿಮ್ಮ ಆದರ್ಶವೇ ನಮಗೆ ದಾರಿದೀಪ ಎಂಬಂಥ ಸಾಲುಂಟು. ಅದು ಪಕ್ಕದ ಚೌಕದ ತಾತನಿಗೂ ಸಲ್ಲುತ್ತದೆ. ಎಲೆ ಅಡಿಕೆಯ ಚೀಲವನ್ನು ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ, ಸಂತೆಯಿಂದ ಬರುವಾಗ ಪಂಚೆಯ ಮಡಿಲಲ್ಲಿ ಕಡಲೆಪುರಿ ಕಟ್ಟಿಕೊಂಡು ಬರುತ್ತಿದ್ದರು, ಎತ್ತಿಗೆ ಬಯ್ದಷ್ಟು ಮಕ್ಕಳಿಗೂ ಬಯ್ಯುತ್ತಿರಲಿಲ್ಲ — ಇಂಥದಕ್ಕೆ ಅಲ್ಲಿ ಜಾಗವಿಲ್ಲ. ಕಾಲಂ ಸೆಂಟಿಮೀಟರಿಗೆ ದುಡ್ಡು ಎಣಿಸುವಾಗ ಕಡಲೆಪುರಿ ಯಾರಿಗೆ ಬೇಕು? ಹೋಲಿಸಿದರೆ ಆತಕೂರಿನ ಕಲ್ಲು ವಾಸಿ. ಕಾಳಿ ಏನು ಮಾಡಿತೆಂದಾದರೂ ಹೇಳುತ್ತದೆ.

ಆ ವಿವರಗಳು ಉಳಿದಿರುವುದು ಹಳೆಯ ಜಾಗದಲ್ಲೇ, ಎಡೆಯ ಎಲೆಯಲ್ಲಿ. ಹಿರಿಯರ ಹಬ್ಬಕ್ಕೆ ಈಗ ಕಳಸದ ಪಕ್ಕ ಕೋಟು ತೊಟ್ಟ ಫೋಟೊವನ್ನೂ ಇಡುತ್ತಾರೆ. ಮುಂದೆ ಮುದ್ದೆ, ಬಾಡಿನ ಸಾರು, ವಡೆ, ಪಕ್ಕದಲ್ಲಿ ಒಂದು ಕ್ವಾರ್ಟರ್. ಮೊಮ್ಮಗ ಪೇಟೆಯಿಂದ ತಂದ ಸಿಗರೇಟು ಪ್ಯಾಕನ್ನು ಎಲೆಯ ತುದಿಗಿಟ್ಟರೆ ಅಜ್ಜಿ ಅಲ್ಲಿಂದಲೇ ಗದರುತ್ತಾಳೆ:

“ಏ, ತೆಗಿಯೋ ಅದ. ನಿಮ್ ತಾತ ಅದ್ನ ಯಾವತ್ತು ಸೇದಿದ್ರು? ಗಣೇಶ ಬೀಡಿ ತಗೊಂಬಾ. ಬೆಂಕಿಪೊಟ್ಣನೂ ತತ್ತಾ, ಅವ್ರತ್ರ ಯಾವತ್ತೂ ಇರ್ತಿರ್ಲಿಲ್ಲ.”

ಮೊಮ್ಮಗ ಬೈಕು ತೆಗೆದುಕೊಂಡು ಅಂಗಡಿಗೆ ಹೋಗುತ್ತಾನೆ. ಅಂಗಡಿಯವರು ಬೀಡಿ ಕಟ್ಟು ಕೊಡುತ್ತಾ, ನಿಮ್ಮ ತಾತ ಒಂದು ದಿನವೂ ಚಿಲ್ಲರೆ ತಂದವರಲ್ಲ ಎಂದು ಶುರು ಮಾಡುತ್ತಾರೆ. ಅವನು ತಿರುಗಿ ಬರುವಷ್ಟರಲ್ಲಿ ಸಾರು ಆರಿರುತ್ತದೆ.