ನಾರ್ಕೋ ಟೆಸ್ಟ್‌ನಲ್ಲಿ ‘ಸತ್ಯ’ ಹೊರಬಿತ್ತೇ? ಆರುಷಿ–ಹೇಮರಾಜ್ ಪ್ರಕರಣದ ಫಾರ್ವರ್ಡ್‌ಗಳಲ್ಲಿ ಎಷ್ಟು ನಿಜ, ಎಷ್ಟು ಊಹೆ

ಹುಕ್ಕೇರಿ ತಾಲ್ಲೂಕಿನ ಕಣಗಲಾದಿಂದ ಓದುಗರೊಬ್ಬರು ತಮ್ಮ ಗೆಳೆಯರ ಗ್ರೂಪಿಗೆ ಬಂದ ವಾಟ್ಸಾಪ್ ಸಂದೇಶವೊಂದನ್ನು ನಮಗೆ ಕಳಿಸಿ, “ಇದು ಖರೇ ಏನ್ರಿ?” ಎಂದು ಕೇಳಿದ್ದಾರೆ. ಸಂದೇಶದ ಸಾರ ಇಷ್ಟು: ನೋಯ್ಡಾದ ಆರುಷಿ ಜೋಡಿ ಕೊಲೆಯನ್ನು ಮಾಡಿದವರು ಯಾರು ಎಂಬುದು ಬೆಂಗಳೂರಿನ ನಾರ್ಕೋ ಟೆಸ್ಟ್‌ನಲ್ಲಿ ಎಂದೋ ಬಯಲಾಗಿದೆ, ಕುಟುಂಬ ಪ್ರಭಾವಿ ಆಗಿದ್ದರಿಂದ ವರದಿಯನ್ನು ಮುಚ್ಚಿಹಾಕಿದ್ದಾರೆ, ವಿಡಿಯೊ ಅಳಿಸಿಹೋಗುವ ಮೊದಲು ಹತ್ತು ಜನರಿಗೆ ಕಳಿಸಿ.

ಚುಟುಕಾಗಿ ಹೇಳಬೇಕೆಂದರೆ, ನಾರ್ಕೋ ಟೆಸ್ಟ್ ನಡೆದದ್ದು ನಿಜ. ಅದರಲ್ಲಿ ಸತ್ಯ ಬಯಲಾಯಿತು ಎಂಬುದು ನಿಜವಲ್ಲ. ಮುಚ್ಚಿಹಾಕಿದರು ಎಂಬುದಂತೂ ತಲೆಕೆಳಗಾದ ಮಾತು, ಏಕೆಂದರೆ ಆ ಪರೀಕ್ಷೆಯ ದೃಶ್ಯಗಳು ಟಿವಿಯಲ್ಲೇ ಬಂದಿವೆ. ವಿವರ ಸ್ವಲ್ಪ ಉದ್ದವಿದೆ, ಓದಿ.

ಮೊದಲು ನಡೆದದ್ದೇನು ನೋಡೋಣ. 2008ರ ಮೇ 15ರ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ, ನೋಯ್ಡಾದ ಜಲವಾಯು ವಿಹಾರದ ಫ್ಲ್ಯಾಟಿನಲ್ಲಿ ದಂತವೈದ್ಯ ದಂಪತಿಯ ಮಗಳು, 13 ವರ್ಷದ ಆರುಷಿ ಕೊಲೆಯಾಗಿದ್ದಳು. ಮನೆಗೆಲಸದ ಹೇಮರಾಜ್ ಕಾಣೆಯಾಗಿದ್ದ. ಪೊಲೀಸರು ಅವನೇ ಕೊಲೆಗಾರನೆಂದು ಹೇಳಿ, ಹಿಡಿದುಕೊಟ್ಟವರಿಗೆ ಬಹುಮಾನವನ್ನೂ ಘೋಷಿಸಿದರು. ಟಿವಿಗಳು ದಿನವಿಡೀ ಅವನ ಹೆಸರು ಹೇಳಿದವು. ಮರುದಿನ, ಮೇ 17ರಂದು, ಅದೇ ಮನೆಯ ತಾರಸಿಯ ಬಾಗಿಲು ತೆಗೆದಾಗ ಅಲ್ಲಿ ಹೇಮರಾಜ್‌ನ ಶವ ಬಿದ್ದಿತ್ತು. ‘ಕೊಲೆಗಾರ’ ಎಂದು ದೇಶವೆಲ್ಲ ಹುಡುಕುತ್ತಿದ್ದವನು ಅದೇ ರಾತ್ರಿ ಕೊಲೆಯಾಗಿದ್ದ, ಕೆಲವೇ ಮೆಟ್ಟಿಲುಗಳ ಮೇಲೆ.

ಈ ಒಂದು ದಿನವನ್ನು ನೆನಪಿಟ್ಟುಕೊಳ್ಳಿ. ಪ್ರಕರಣ ಇಂದಿಗೂ ಬಗೆಹರಿಯದೆ ಉಳಿದದ್ದಕ್ಕೆ ಮುಖ್ಯ ಕಾರಣ ಇಲ್ಲಿದೆಯೇ ಹೊರತು ಯಾವುದೋ ಗುಪ್ತ ಕಪಾಟಿನಲ್ಲಿಲ್ಲ. ಮೊದಲ ದಿನ ಆ ಮನೆಗೆ ನೆರೆಹೊರೆಯವರು, ಬಂಧುಗಳು, ಪತ್ರಕರ್ತರು ಎಲ್ಲ ಬಂದುಹೋದರು. ಕೊಲೆ ನಡೆದ ಜಾಗವನ್ನು ಸರಿಯಾಗಿ ಮುಚ್ಚಿ ಕಾಯಲಿಲ್ಲ. ತಾರಸಿಯ ಬಾಗಿಲ ಬಳಿ ರಕ್ತದ ಕಲೆ ಕಂಡಿದ್ದರೂ ಅಂದೇ ಬೀಗ ಒಡೆಯಲಿಲ್ಲ. ಬೆರಳಚ್ಚು, ರಕ್ತದ ಹನಿ, ಹೆಜ್ಜೆ ಗುರುತು ಇವೆಲ್ಲ ಹಾಲಿನ ಹಾಗೆ, ಹೊತ್ತಿಗೆ ಕಾಸದಿದ್ದರೆ ಕೆಡುತ್ತವೆ. ಕೆಟ್ಟ ಮೇಲೆ ಸಿಬಿಐ ಬಂದರೂ ಅಷ್ಟೆ, ಬೇರೆ ದೊಡ್ಡ ಸಂಸ್ಥೆ ಬಂದರೂ ಅಷ್ಟೆ.

ಖಾಲಿ ಜಾಗ ಇದ್ದಲ್ಲಿ ಊಹೆ ಬಂದು ಕೂರುತ್ತದೆ. ಮೇ 23ರಂದು ಪೊಲೀಸರು ತಂದೆಯನ್ನು ಬಂಧಿಸಿ, ಪತ್ರಿಕಾಗೋಷ್ಠಿಯಲ್ಲಿ ಮಗುವಿನ ನಡತೆಯ ಬಗ್ಗೆಯೇ ಮಾತಾಡಿದರು. ಅಲ್ಲಿ ಹಿರಿಯ ಅಧಿಕಾರಿಯೊಬ್ಬರು ಹುಡುಗಿಯ ಹೆಸರನ್ನೇ ತಪ್ಪಾಗಿ ಹೇಳಿದ್ದರು. ಹೆಸರೇ ಗೊತ್ತಿಲ್ಲದವಳ ನಡತೆ ಗೊತ್ತಿತ್ತು ಅನ್ನಿ! ಜೂನ್ ಹೊತ್ತಿಗೆ ತನಿಖೆ ಸಿಬಿಐ ಕೈಗೆ ಬಂತು. ಸಿಬಿಐಯ ಮೊದಲ ತಂಡದ ಅನುಮಾನ ಬೇರೆ ಮೂವರು ಸಹಾಯಕರ ಮೇಲೆ ಹೋಯಿತು. ಅವರಲ್ಲಿ ಕೆಲವರನ್ನು ಬೆಂಗಳೂರಿಗೆ ಕರೆತಂದು ನಾರ್ಕೋ ಪರೀಕ್ಷೆ ಮಾಡಿಸಿದರು. ನಿಮ್ಮ ಗ್ರೂಪಿನ ಸಂದೇಶ ಹಿಡಿದುಕೊಂಡಿರುವುದು ಈ ತುದಿಯನ್ನು. ಅದು ಹೇಳದೆ ಬಿಟ್ಟದ್ದೂ ಇದೆ: ಆ ಮೂವರ ವಿರುದ್ಧ ಸಾಕ್ಷ್ಯ ಸಿಗದೆ ಬಿಡುಗಡೆಯಾಯಿತು, ಮುಂದೆ 2010ರಲ್ಲಿ ತಂದೆತಾಯಿಗೂ ಗುಜರಾತಿನ ಗಾಂಧಿನಗರದಲ್ಲಿ ನಾರ್ಕೋ ಪರೀಕ್ಷೆ ನಡೆಯಿತು. ಎರಡೂ ಕಡೆಯವರ ಮೇಲೆ ಪರೀಕ್ಷೆಯಾಯಿತು, ಎರಡರಿಂದಲೂ ಕೊಲೆಗಾರ ಸಿಗಲಿಲ್ಲ.

ನಾರ್ಕೋ ಟೆಸ್ಟ್ ಅಂದರೆ ನಿಜವಾಗಿ ಏನು?

ಸಿನಿಮಾದಲ್ಲಿ ಸೂಜಿ ಚುಚ್ಚಿದ ತಕ್ಷಣ ಮನುಷ್ಯ ಟೇಪ್ ರೆಕಾರ್ಡರ್ ಹಾಗೆ ಸತ್ಯ ಒದರುತ್ತಾನೆ. ವಾಸ್ತವದಲ್ಲಿ ಕೊಡುವುದು ಸೋಡಿಯಂ ಪೆಂಟೊಥಾಲ್ ಎಂಬ ಅರಿವಳಿಕೆ ಔಷಧ, ಆಪರೇಷನ್‌ಗೆ ಮೊದಲು ನಿದ್ದೆ ಬರಿಸಲು ಬಳಸುತ್ತಿದ್ದದ್ದೇ. ಪ್ರಮಾಣ ಕಡಿಮೆ ಇಟ್ಟರೆ ಮನುಷ್ಯ ಪೂರ್ತಿ ಮಲಗುವುದಿಲ್ಲ, ಪೂರ್ತಿ ಎಚ್ಚರವೂ ಇರುವುದಿಲ್ಲ. ಮಾತಿನ ಮೇಲಿನ ಹಿಡಿತ ಸಡಿಲವಾಗುತ್ತದೆ. ಮಾತು ಹೆಚ್ಚುತ್ತದೆ ಎಂಬುದು ಸರಿ. ಹೆಚ್ಚಿದ ಮಾತೆಲ್ಲ ಸತ್ಯ ಎಂಬುದು ಸರಿಯಲ್ಲ. ಕುಡಿದವರ ಮಾತು ಕೇಳಿದ ಯಾರಿಗಾದರೂ ಇದು ಗೊತ್ತು. ಆ ಸ್ಥಿತಿಯಲ್ಲಿ ನೆನಪು, ಕನಸು, ಭಯ, ಬೇರೆಯವರಿಂದ ಕೇಳಿದ್ದು ಎಲ್ಲ ಕಲಸಿ ಬರುತ್ತವೆ. ಇನ್ನೂ ತೊಂದರೆಯ ಸಂಗತಿ ಎಂದರೆ, ಆ ಹೊತ್ತಿನಲ್ಲಿ ಮನಸ್ಸು ಕೇಳುವವರ ಸೂಚನೆಗೆ ಬೇಗ ಬಾಗುತ್ತದೆ. “ಆಮೇಲೆ ನೀನು ಮೇಲೆ ಹೋದೆ ಅಲ್ವಾ?” ಎಂದು ಕೇಳಿದರೆ “ಹೋದೆ” ಎಂಬ ಉತ್ತರ ಬರಬಹುದು, ಹೋಗಿರದಿದ್ದರೂ. ಗಟ್ಟಿ ಮನಸ್ಸಿನವರು ಆ ಮಂಪರಿನಲ್ಲೂ ಸುಳ್ಳು ಹೇಳಬಲ್ಲರು.

ಇದು ನಮ್ಮ ಬೆಳಗಾವಿ ಜಿಲ್ಲೆಗೆ ಹೊಸ ವಿಷಯವೇನಲ್ಲ. ಖಾನಾಪುರದ ಅಬ್ದುಲ್ ಕರೀಂ ತೆಲಗಿಯ ಛಾಪಾ ಕಾಗದ ಹಗರಣ ನೆನಪಿದೆಯಲ್ಲ? ಅವನ ನಾರ್ಕೋ ಪರೀಕ್ಷೆಯೂ ಬೆಂಗಳೂರಿನಲ್ಲೇ ಆಗಿತ್ತು. ಅದರ ವಿಡಿಯೊ 2006ರಲ್ಲಿ ಟಿವಿಯಲ್ಲಿ ಬಂದು, ಅವನು ಮಂಪರಿನಲ್ಲಿ ಉಸುರಿದ ದೊಡ್ಡವರ ಹೆಸರುಗಳು ಮನೆಮನೆ ಮಾತಾದವು. ತೆಲಗಿಗೆ ಶಿಕ್ಷೆಯಾದದ್ದು ಮಾತ್ರ ನಕಲಿ ಕಾಗದ, ಅಚ್ಚುಯಂತ್ರ, ದಾಖಲೆಗಳಂಥ ಕೈಗೆ ಸಿಕ್ಕ ಸಾಕ್ಷ್ಯದಿಂದ, ಮಂಪರಿನ ಮಾತಿನಿಂದಲ್ಲ.

ಕಾನೂನು ಏನು ಹೇಳುತ್ತದೆ ಎಂಬ ಪ್ರಶ್ನೆಗೆ ಉತ್ತರ ಕೊಟ್ಟದ್ದೂ ನಮ್ಮ ರಾಜ್ಯದ ಹೆಸರಿರುವ ತೀರ್ಪೇ. ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, ಒಪ್ಪಿಗೆ ಇಲ್ಲದೆ ಯಾರಿಗೂ ನಾರ್ಕೋ, ಸುಳ್ಳು ಪತ್ತೆ, ಬ್ರೇನ್ ಮ್ಯಾಪಿಂಗ್ ಪರೀಕ್ಷೆ ಮಾಡುವಂತಿಲ್ಲ ಎಂದಿತು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲವಂತ ಮಾಡಬಾರದು ಎಂಬುದು ಸಂವಿಧಾನದ 20(3)ನೇ ವಿಧಿ. ಒಪ್ಪಿಗೆ ಕೊಟ್ಟು ಮಾಡಿಸಿಕೊಂಡರೂ ಆ ಮಾತುಗಳೇ ಸಾಕ್ಷ್ಯವಾಗುವುದಿಲ್ಲ. ಆ ಮಾತಿನ ಜಾಡು ಹಿಡಿದು ಹೋದಾಗ ಹೊಸದಾಗಿ ಏನಾದರೂ ಸಿಕ್ಕರೆ, ಉದಾಹರಣೆಗೆ ಬಚ್ಚಿಟ್ಟ ಆಯುಧ ಸಿಕ್ಕರೆ, ಅದನ್ನು ಕೋರ್ಟ್ ಪರಿಶೀಲಿಸಬಹುದು. ಹಾಗಾಗಿ ವಿಡಿಯೊ ತೋರಿಸಿ “ಒಪ್ಪಿಕೊಂಡಿದ್ದಾನೆ ನೋಡಿ” ಎನ್ನುವವರನ್ನು ಕೇಳಬೇಕಾದ ಪ್ರಶ್ನೆ ಒಂದೇ: ಆಮೇಲೆ ಏನು ಸಿಕ್ಕಿತು?

‘ಪ್ರಭಾವಿ ಕುಟುಂಬ, ಅದಕ್ಕೇ ಮುಚ್ಚಿಹೋಯಿತು’

ಈ ವಾದ ಕೇಳಲು ಚೆನ್ನಾಗಿದೆ, ಲೆಕ್ಕಕ್ಕೆ ಮಾತ್ರ ಹೊಂದುವುದಿಲ್ಲ. ಸಿಬಿಐ 2010ರ ಡಿಸೆಂಬರ್‌ನಲ್ಲಿ ಪ್ರಕರಣ ಮುಗಿಸುವ ವರದಿ ಸಲ್ಲಿಸಿತು. ಕೋರ್ಟ್ ಅದನ್ನು ಒಪ್ಪದೆ ತಂದೆತಾಯಿಯ ಮೇಲೇ ವಿಚಾರಣೆಗೆ ಆದೇಶಿಸಿತು. 2013ರ ನವೆಂಬರ್‌ನಲ್ಲಿ ಇಬ್ಬರಿಗೂ ಜೀವಾವಧಿ ಶಿಕ್ಷೆಯಾಯಿತು. 2017ರ ಅಕ್ಟೋಬರ್ 12ರಂದು ಅಲಹಾಬಾದ್ ಹೈಕೋರ್ಟ್ ಇಬ್ಬರನ್ನೂ ಖುಲಾಸೆ ಮಾಡಿತು. ಅದರ ನಡುವೆ ಅವರು ಸುಮಾರು ನಾಲ್ಕು ವರ್ಷ ಜೈಲಿನಲ್ಲಿದ್ದರು. ಇದು ಪ್ರಭಾವವಾದರೆ, ಅಂಥ ಪ್ರಭಾವ ಯಾರಿಗೂ ಬೇಡ. ಕೆಳಗಿನ ಕೋರ್ಟಿನ ನ್ಯಾಯಾಧೀಶರು ಸಿನಿಮಾ ನಿರ್ದೇಶಕರ ಹಾಗೆ ಕಥೆ ಕಟ್ಟಿದ್ದಾರೆ ಎಂಬ ಅರ್ಥದ ಟೀಕೆಯೂ ಹೈಕೋರ್ಟ್ ತೀರ್ಪಿನಲ್ಲಿದೆ. ಕಥೆ ಕಟ್ಟುವ ಗೀಳು ವಾಟ್ಸಾಪಿಗೆ ಮಾತ್ರ ಅಂಟಿದ್ದಲ್ಲ.

ನಿಜವಾಗಿಯೂ ಭಾರಿ ಕುಟುಂಬದ ಜೋಡಿ ಕೊಲೆ ಬೇಕೆಂದರೆ ಕೆನಡಾದಲ್ಲಿದೆ. ಔಷಧ ಕಂಪನಿ ಅಪೊಟೆಕ್ಸ್‌ನ ಸ್ಥಾಪಕ ಬ್ಯಾರಿ ಶೆರ್ಮನ್ ಮತ್ತು ಪತ್ನಿ ಹನಿ, 2017ರ ಡಿಸೆಂಬರ್ 15ರಂದು ಟೊರಾಂಟೊದ ತಮ್ಮ ಮನೆಯ ಈಜುಕೊಳದ ಪಕ್ಕ ಶವವಾಗಿ ಸಿಕ್ಕರು. ಗಂಡನೇ ಹೆಂಡತಿಯನ್ನು ಕೊಂದು ಆತ್ಮಹತ್ಯೆ ಮಾಡಿಕೊಂಡಿರಬೇಕು ಎಂಬ ಊಹೆ ಪೊಲೀಸ್ ಮೂಲಗಳ ಹೆಸರಿನಲ್ಲಿ ಪತ್ರಿಕೆಗಳಿಗೆ ಸೋರಿತು. ಕುಟುಂಬ ಸ್ವಂತ ಖರ್ಚಿನಲ್ಲಿ ಎರಡನೇ ಮರಣೋತ್ತರ ಪರೀಕ್ಷೆ ಮಾಡಿಸಿತು. ಆರು ವಾರ ಕಳೆದ ಮೇಲೆ ಪೊಲೀಸರು ಇದು ಗುರಿಯಿಟ್ಟು ಮಾಡಿದ ಜೋಡಿ ಕೊಲೆ ಎಂದರು. ಕುಟುಂಬ ಘೋಷಿಸಿದ ಬಹುಮಾನ 2022ರಲ್ಲಿ 3.5 ಕೋಟಿ ಕೆನಡಾ ಡಾಲರ್‌ಗೆ ಏರಿದರೂ ಯಾರ ಬಂಧನವೂ ಆಗಿಲ್ಲ. ಹಣ, ಅಧಿಕಾರ ಎರಡೂ ಇದ್ದವರಿಗೂ ಉತ್ತರ ಸಿಕ್ಕಿಲ್ಲ.

ಹಾಗಿದ್ದರೂ ಮೊದಲು ಕೇಳಿದ ಊಹೆ ನಮ್ಮ ತಲೆಯಿಂದ ಏಕೆ ಹೋಗುವುದಿಲ್ಲ? ಮನಶ್ಶಾಸ್ತ್ರದಲ್ಲಿ ಇದರ ಮೇಲೆ 1994ರ ಒಂದು ಹೆಸರಾಂತ ಪ್ರಯೋಗವಿದೆ. ಜಾನ್ಸನ್ ಮತ್ತು ಸೀಫರ್ಟ್ ಎಂಬ ಸಂಶೋಧಕರು ಗೋದಾಮೊಂದಕ್ಕೆ ಬೆಂಕಿ ಬಿದ್ದ ಸುದ್ದಿಯನ್ನು ಜನರಿಗೆ ತುಣುಕು ತುಣುಕಾಗಿ ಓದಿಸಿದರು. ಮೊದಲು, ಅಲ್ಲಿನ ಕೋಣೆಯಲ್ಲಿ ಬಣ್ಣದ ಡಬ್ಬಿ, ಗ್ಯಾಸ್ ಸಿಲಿಂಡರ್ ಇದ್ದವು ಎಂದರು. ಆಮೇಲೆ, ತಪ್ಪಾಯಿತು, ಆ ಕೋಣೆ ಖಾಲಿ ಇತ್ತು ಎಂದು ತಿದ್ದಿದರು. ತಿದ್ದುಪಡಿ ಓದಿದ್ದು, ನೆನಪಿರುವುದು ಎರಡೂ ನಿಜ. ಆದರೂ “ಅಷ್ಟು ಹೊಗೆ ಏಕೆ ಬಂತು?” ಎಂದು ಕೇಳಿದರೆ ಅನೇಕರು ಬಣ್ಣದ ಡಬ್ಬಿಯತ್ತಲೇ ಹೋದರು. ಬೇರೆ ಕಾರಣ ಕೊಡದೆ ಬರೀ “ಅದು ಸುಳ್ಳು” ಎಂದರೆ ಕಥೆಯಲ್ಲಿ ತೂತು ಬೀಳುತ್ತದೆ, ಮನಸ್ಸು ಆ ತೂತಿಗೆ ಹಳೇ ಸುಳ್ಳನ್ನೇ ತುರುಕುತ್ತದೆ. ಬಗೆಹರಿಯದ ಕೊಲೆಯಲ್ಲಿ ಕೊಡಲು ಬೇರೆ ಉತ್ತರವೇ ಇರುವುದಿಲ್ಲ. ಅದಕ್ಕೇ ಈ ಫಾರ್ವರ್ಡ್‌ಗಳು ಸಾಯುವುದಿಲ್ಲ.

ಸಾಯದ ಊಹೆ ಒಮ್ಮೊಮ್ಮೆ ಕತ್ತಿಯನ್ನೂ ಹಿಡಿಯುತ್ತದೆ. 2011ರ ಜನವರಿ 25ರಂದು ಗಾಜಿಯಾಬಾದ್ ಕೋರ್ಟಿನ ಆವರಣದಲ್ಲಿ, ಪ್ರಕರಣಕ್ಕೆ ಏನೇನೂ ಸಂಬಂಧವಿಲ್ಲದ ಯುವಕನೊಬ್ಬ ಆರುಷಿಯ ತಂದೆಯ ಮುಖಕ್ಕೆ ಮಚ್ಚಿನಿಂದ ಹೊಡೆದ. ಆಗಿನ್ನೂ ವಿಚಾರಣೆಯೇ ಶುರುವಾಗಿರಲಿಲ್ಲ.

ಕಳಿಸುವವರಿಗೂ ಒಂದು ಮಾತು. ಕೋರ್ಟ್ ಖುಲಾಸೆ ಮಾಡಿದವರನ್ನು, ಅಥವಾ ಸಾಕ್ಷ್ಯವಿಲ್ಲದೆ ಬಿಡುಗಡೆಯಾದ ಆ ಸಹಾಯಕರನ್ನು, ಹೆಸರು ಹಿಡಿದು ಕೊಲೆಗಾರ ಎಂದು ಬರೆದರೆ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಪ್ರಕಾರ ಮಾನಹಾನಿ ದೂರು ಬೀಳಬಹುದು. “ನಾನು ಬರೆದದ್ದಲ್ಲ, ಬಂದದ್ದನ್ನು ಕಳಿಸಿದೆ” ಎಂದರೆ ತಪ್ಪಿಸಿಕೊಂಡ ಹಾಗಲ್ಲ.

ಕಣಗಲಾದ ಓದುಗರ ಸಂದೇಶವನ್ನು ನಾವು ಇನ್ನೊಮ್ಮೆ ಓದಿದೆವು. ಜೋಡಿ ಕೊಲೆ ಎಂದು ದಪ್ಪಕ್ಷರದಲ್ಲಿ ಬರೆದಿದ್ದರೂ ಅದರಲ್ಲಿ ಹೇಮರಾಜ್‌ನ ಹೆಸರು ಎಲ್ಲೂ ಇಲ್ಲ, ‘ಮನೆ ಕೆಲಸದವ’ ಎಂದಷ್ಟೇ ಇದೆ. ನೇಪಾಳದಿಂದ ದುಡಿಯಲು ಬಂದು, ಸತ್ತ ಮೇಲೂ ಒಂದು ದಿನ ಕೊಲೆಗಾರನಾಗಿದ್ದವನು ಅವನು. 2017ರ ಹೈಕೋರ್ಟ್ ತೀರ್ಪಿನ ಬಳಿಕ, ನನ್ನ ಗಂಡನನ್ನು ಕೊಂದವರು ಯಾರು ಎಂಬುದಕ್ಕೆ ಉತ್ತರ ಸಿಕ್ಕಿಲ್ಲ ಎಂದು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗರು ಅವನ ಹೆಂಡತಿ. ಸಿಬಿಐ ಹೋದದ್ದು ಅವರಾದ ಮೇಲೆ, 2018ರಲ್ಲಿ.