ಸಕ್ಕರೆ ರೋಗವೂ ಪಿತ್ರಾರ್ಜಿತವೆ?

ಆಲಮಟ್ಟಿಯ ಅಣೆಕಟ್ಟಿಗೆ ಸಮೀಪದ ನಿಡಗುಂದಿಯಲ್ಲಿ, ಬೇರೆಲ್ಲ ಊರುಗಳಲ್ಲಿರುವಂತೆಯೇ, ಮಕ್ಕಳಿಗೆ ಹಿರಿಯರಿಂದ ಬರುವುದು ಹೊಲಮನೆಗಳಷ್ಟೇ ಅಲ್ಲ. ಮೈಬಣ್ಣ, ಮುಖದ ಚಹರೆಗಳೂ ಬರುತ್ತವೆ. ಆ ಭಾಗದ ಜನರು ‘ಸಕ್ಕರಿ ಬ್ಯಾನಿ’ ಎನ್ನುವ ಮಧುಮೇಹವೂ ಹೀಗೆಯೇ ಬರುವುದೆ? ತಂದೆಗೋ ತಾಯಿಗೋ ಈ ರೋಗವಿರುವ ಮನೆಗಳಲ್ಲಿ ಬೆಳೆದ ಮಕ್ಕಳನ್ನು ಕಾಡುವ ಪ್ರಶ್ನೆಯಿದು.

ಬರುವುದು ರೋಗವಲ್ಲ, ಅದರ ಒಲವು ಮಾತ್ರ. ನಡುವಯಸ್ಸಿನಲ್ಲಿ ಸಾಮಾನ್ಯವಾಗಿ ಕಾಣಿಸುವ ಮಧುಮೇಹಕ್ಕೆ ಒಂದೇ ವಂಶವಾಹಿ ಕಾರಣವಲ್ಲ. ನೂರಾರು ವಂಶವಾಹಿಗಳು ಸೇರಿ, ಒಂದೊಂದೂ ಅಲ್ಪಸ್ವಲ್ಪವಾಗಿ ಅಪಾಯವನ್ನು ಹೆಚ್ಚಿಸುತ್ತವೆ. ಹೊಲದಲ್ಲಿ ದುಡಿದು ಜೋಳದ ರೊಟ್ಟಿ ಉಂಡ ಅಜ್ಜನಲ್ಲಿ ಸುಪ್ತವಾಗಿದ್ದ ಆ ಒಲವು, ದಿನವಿಡೀ ಕುರ್ಚಿಯಲ್ಲಿ ಕುಳಿತಿರುವ ಮೊಮ್ಮಗನಲ್ಲಿ ಎಚ್ಚರಗೊಳ್ಳಬಹುದು. ಎರಡು ತಲೆಮಾರುಗಳಲ್ಲಿ ರಕ್ತ ಬದಲಾಗಲಿಲ್ಲ, ಬದುಕು ಬದಲಾಯಿತು.

ಗರ್ಭವಾಸದ ಪ್ರಭಾವವೂ ಉಂಟು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೂ ಶಿಶುಗಳ ತೂಕ, ಉದ್ದಗಳನ್ನು ಬರೆದಿಡಲಾಗಿತ್ತು. ಅಲ್ಲಿ ಹುಟ್ಟಿದ 506 ಮಂದಿಯನ್ನು ದೊಡ್ಡವರಾದ ಮೇಲೆ ಪರೀಕ್ಷಿಸಿದ ಸಂಶೋಧಕರು 1998ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಹುಟ್ಟುವಾಗ ಗಿಡ್ಡವಾಗಿಯೂ ದುಂಡಾಗಿಯೂ ಇದ್ದವರಲ್ಲಿ, ಹೆಚ್ಚು ತೂಕದ ತಾಯಂದಿರ ಮಕ್ಕಳಲ್ಲಿ ಮಧುಮೇಹ ಹೆಚ್ಚಾಗಿತ್ತು.

ಹಾಗಾದರೆ ಮನೆತನದ ಪಾಲೆಷ್ಟು, ನಮ್ಮ ಪಾಲೆಷ್ಟು? ಚೆನ್ನೈಯ ವೈದ್ಯರು 2005ರಲ್ಲಿ ಭಾರತೀಯರಿಗಾಗಿ 100 ಅಂಕಗಳ ಒಂದು ಅಳತೆಗೋಲನ್ನು ರೂಪಿಸಿದರು. ತಂದೆತಾಯಿಗಳಲ್ಲಿ ಒಬ್ಬರಿಗೆ ರೋಗವಿದ್ದರೆ 10, ಇಬ್ಬರಿಗೂ ಇದ್ದರೆ 20 ಅಂಕ. ವಯಸ್ಸಿಗೆ ಹೆಚ್ಚೆಂದರೆ 30, ಸೊಂಟದ ಸುತ್ತಳತೆಗೆ 20, ದೇಹಶ್ರಮದ ಅಭಾವಕ್ಕೆ 30. ಒಟ್ಟು 60 ಅಥವಾ ಅದಕ್ಕಿಂತ ಹೆಚ್ಚಾದರೆ ಅಪಾಯ ಹೆಚ್ಚು. ವಂಶವನ್ನೂ ವಯಸ್ಸನ್ನೂ ಯಾರೂ ಬದಲಿಸಲಾರರು. ಉಳಿದ 50 ಅಂಕಗಳು ಅವರವರ ಕೈಯಲ್ಲಿಯೇ ಇವೆ.

ಇದು ಬರಿಯ ಸಮಾಧಾನದ ಮಾತಲ್ಲ. ರೋಗದ ಹೊಸ್ತಿಲಲ್ಲಿ ನಿಂತಿದ್ದವರ ಮೇಲೆ ನಡೆದ, 2006ರಲ್ಲಿ ಪ್ರಕಟವಾದ ಭಾರತೀಯ ಪ್ರಯೋಗವೊಂದರಲ್ಲಿ, ಸಾಮಾನ್ಯ ಸಲಹೆಯನ್ನಷ್ಟೇ ಪಡೆದವರಲ್ಲಿ ಮೂರು ವರ್ಷಗಳೊಳಗೆ ನೂರಕ್ಕೆ 55 ಮಂದಿ ಮಧುಮೇಹಿಗಳಾದರು. ನಡಿಗೆಯನ್ನೂ ಮಿತಾಹಾರವನ್ನೂ ರೂಢಿಸಿಕೊಳ್ಳಲು ನೆರವು ಪಡೆದವರಲ್ಲಿ ಆ ಸಂಖ್ಯೆ 39ಕ್ಕೆ ಇಳಿಯಿತು.

ಆದುದರಿಂದ ಮನೆಯ ಹಿರಿಯರು ತಮ್ಮ ರೋಗವನ್ನು, ಸಂಬಂಧ ತಪ್ಪೀತೆಂಬ ಭಯದಿಂದ, ಮಕ್ಕಳಿಗೆ ಮರೆಮಾಚುವುದು ಸಲ್ಲದು. ತಾಯಿಗೆ ಸಕ್ಕರೆ ರೋಗವಿದೆಯೆಂದು ಬಲ್ಲ ಮಗಳು, ಬಾಯಾರಿಕೆ, ಬಳಲಿಕೆಗಳು ತಲೆದೋರುವ ಮೊದಲೇ ರಕ್ತಪರೀಕ್ಷೆ ಮಾಡಿಸಿಕೊಂಡಾಳು. ಗರ್ಭಿಣಿಯಾದಾಗ ಇನ್ನಷ್ಟು ಎಚ್ಚರ ವಹಿಸಿಯಾಳು. ಹೊಲದ ಪತ್ರಗಳನ್ನು ಜೋಪಾನವಾಗಿರಿಸುವ ಮನೆತನಗಳು ಈ ಮಾಹಿತಿಯನ್ನೂ ಮುಂದಿನ ತಲೆಮಾರಿಗೆ ಒಪ್ಪಿಸುವುದು ಲೇಸು.