ಗರಗಸ ತಿಂದದ್ದು ಎಲ್ಲಿದೆ?

ರಾಜೀನಾಮೆ ಪತ್ರ ಬರೆದು ಲ್ಯಾಪ್‌ಟಾಪ್‌ನಲ್ಲಿ ಇಟ್ಟುಕೊಂಡಿದ್ದೆ. ತಾರೀಕು ಹಾಕುವುದೊಂದೇ ಬಾಕಿ. ಎರಡು ವರ್ಷದ ಹಿಂದಿನ ಮಾತು, ನನಗಾಗ ಐವತ್ತೈದು. ಹಳಿಯಾಳದ ಮನೆಯಲ್ಲಿ ಅವ್ವ ಒಬ್ಬಳೇ ಇದ್ದಳು. ಛತ್ರಪತಿ ಸಂಭಾಜಿನಗರದ ವಾಳೂಜ್ ಕೈಗಾರಿಕಾ ಪ್ರದೇಶದ ನೌಕರಿ ಬಿಟ್ಟು ಊರು ಸೇರುವುದು, ಹಿತ್ತಲಲ್ಲಿ ಶೆಡ್ ಹಾಕಿ ಮರಗೆಲಸ ಮಾಡಿಕೊಂಡು ಅವ್ವನ ಜೊತೆ ಇರುವುದು ಎಂದು ತೀರ್ಮಾನಿಸಿದ್ದೆ. ನಾನೇ ಕೂತು ತಯಾರಿಸಿದ ಎಕ್ಸೆಲ್ ಹಾಳೆ ‘ಸಾಕಾಗುತ್ತದೆ’ ಎಂದು ಹಸಿರು ಬಣ್ಣದಲ್ಲಿ ಹೇಳಿತ್ತು.

ಈ ಲೆಕ್ಕದ ಹುಚ್ಚು ಅಪ್ಪನಿಂದ ಬಂದದ್ದು. ಅವರು ಸಾ ಮಿಲ್‌ನಲ್ಲಿ ಗುಮಾಸ್ತರು. ದಿಮ್ಮಿಯ ಸುತ್ತಳತೆ ಹಿಡಿದು, ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸುತ್ತಿದ್ದರು. 4 ಅಡಿ ಸುತ್ತಳತೆ, 10 ಅಡಿ ಉದ್ದದ ದಿಮ್ಮಿ ಅವರ ವಹಿಯಲ್ಲಿ 10 ಘನ ಅಡಿ. ಇಂಗ್ಲೆಂಡಿನ ಎಡ್ವರ್ಡ್ ಹಾಪಸ್ 1736ರಲ್ಲಿ ಅಚ್ಚು ಹಾಕಿಸಿದ ಕೋಷ್ಟಕಗಳಿಂದ ಹೆಸರು ಪಡೆದ ಪದ್ಧತಿ ಇದು. ಪಾಲಿಟೆಕ್ನಿಕ್ ಸೇರಿದ ಹುರುಪಿನಲ್ಲಿ ನಾನು ವೃತ್ತದ ಸೂತ್ರ ಹಾಕಿ ನೋಡಿದೆ. ಉತ್ತರ 12.73 ಬಂತು. “ನಿಮ್ಮ ಲೆಕ್ಕದಾಗ ಶೇಕಡಾ ಇಪ್ಪತ್ತೊಂದು ಕಡಿಮಿ ಬರತದ” ಎಂದೆ. ಅಪ್ಪ ತಲೆ ಎತ್ತಲಿಲ್ಲ. “ದುಂಡ ದಿಮ್ಮಿ ಯಾರ ಮನಿಗೂ ಬಾಗಿಲ ಆಗೂದಿಲ್ಲಪಾ. ಚೌಕ ಮಾಡೂ ಮುಂದ ಹೋಗೂದನ್ನ ಮೊದಲ ಬಿಟ್ಟೇವಿ” ಎಂದರು. ಆ ಮಾತು ಅರ್ಥವಾಗಲು ನನಗೆ ಮೂವತ್ತೈದು ವರ್ಷ ಬೇಕಾಯಿತು.

ತೊಂಬತ್ತರ ದಶಕದಲ್ಲಿ ನಾಸಿಕ್‌ನ ಸಾತಪುರದಲ್ಲಿ ಕೆಲಸ ಸಿಕ್ಕಿತು. ಕಿಸೆಯಲ್ಲಿ ಕ್ಯಾಸಿಯೋ ಎಫ್ಎಕ್ಸ್-3600ಪಿ ಕ್ಯಾಲ್ಕುಲೇಟರ್. ಅದರಲ್ಲಿ ಪಿ1, ಪಿ2 ಎಂದು ಎರಡು ಪ್ರೋಗ್ರಾಂ ಬರೆದಿಡಬಹುದಿತ್ತು, ಎರಡಕ್ಕೂ ಸೇರಿ 38 ಹೆಜ್ಜೆ ಮಾತ್ರ. ಪಿ1ರಲ್ಲಿ ಕೊಯ್ದ ಮರದ ಲೆಕ್ಕ ಹಾಕಿದೆ: ಉದ್ದ ಅಡಿಯಲ್ಲಿ, ಅಗಲ ಮತ್ತು ದಪ್ಪ ಇಂಚಿನಲ್ಲಿ, ಗುಣಿಸಿ 144ರಿಂದ ಭಾಗ. ಬಾಗಿಲ ಚೌಕಟ್ಟಿನ 7 ಅಡಿಯ 5×3 ಇಂಚಿನ ಕಂಬಕ್ಕೆ 0.73 ಘನ ಅಡಿ. ಪಿ2ರಲ್ಲಿ ಚಕ್ರಬಡ್ಡಿ. ಭಾನುವಾರ ವಖಾರಕ್ಕೆ ಹೋಗಿ ಸಾಗವಾನಿ ತುಂಡು ಆರಿಸುವಾಗ ಪಿ1, ಸಂಬಳದ ದಿನ ಉಳಿತಾಯದ ಲೆಕ್ಕಕ್ಕೆ ಪಿ2. ಮನೆ ಕಟ್ಟಿಸುತ್ತಿದ್ದ ಕನ್ನಡದ ಗೆಳೆಯರು ನನ್ನನ್ನೂ ಕ್ಯಾಲ್ಕುಲೇಟರನ್ನೂ ಕೂಡಿಯೇ ಕರೆಯುತ್ತಿದ್ದರು.

ಮುಂದೆ ಸಂಭಾಜಿನಗರಕ್ಕೆ ಬಂದೆ. ಊರಿಗೆ ಆಗಿನ್ನೂ ಔರಂಗಾಬಾದ್ ಎಂದೇ ಹೆಸರು. ಇಲ್ಲಿ ಕ್ಯಾಲ್ಕುಲೇಟರ್ ಡ್ರಾಯರ್ ಸೇರಿತು, ಎಕ್ಸೆಲ್ ಬಂತು. ಮಗಳ ಪುಸ್ತಕದ ಕಪಾಟಿಗೆ ಪ್ಲೈವುಡ್ ಕತ್ತರಿಸುವ ಹಾಳೆ ಮಾಡಿದೆ. ಎಂಟಡಿ ಶೀಟ್ ಎಂದರೆ 2440 ಮಿಲಿಮೀಟರ್, ನಾಲ್ಕು ಹಲಗೆ, ತಲಾ 610. ಹಾಳೆ ನೋಡಿದ ಬಡಗಿ ನಕ್ಕು ಕೇಳಿದ: “ಸಾಹೇಬ, ಕರವತೀನಂ ಖಾಲ್ಲೇಲಂ ಕುಠಂ ಲಿಹಿಲಂಯ?” ಗರಗಸ ತಿಂದದ್ದನ್ನು ಎಲ್ಲಿ ಬರೆದಿದ್ದೀರಿ ಎಂದು. ಅಲಗಿನ ದಪ್ಪ 3 ಮಿಲಿಮೀಟರ್, ಕೊಯ್ತ ಮೂರು. 9 ಮಿಲಿಮೀಟರ್ ಪುಡಿಯಾಗಿ ಹೋಗಿ ಕೊನೆಯ ಹಲಗೆ 601ಕ್ಕೆ ನಿಲ್ಲುತ್ತಿತ್ತು. ಮರದ ಹಾಳೆಯಲ್ಲಿ ಅದಕ್ಕೊಂದು ಸಾಲು ಸೇರಿಸಿದೆ. ನಿವೃತ್ತಿಯ ಹಾಳೆಗೂ ಅದೇ ಪ್ರಶ್ನೆ ಹಾಕಬೇಕೆಂದು ಹೊಳೆಯಲಿಲ್ಲ.

ಆ ಹಾಳೆಯಲ್ಲಿ ಈಗಿನ ಖರ್ಚು ತಿಂಗಳಿಗೆ 40,000 ರೂಪಾಯಿ ಎಂದು ಹಿಡಿದಿದ್ದೆ. ಬೆಲೆ ಏರಿಕೆ ವರ್ಷಕ್ಕೆ ಶೇ 6. ವಯಸ್ಸು 55ರಿಂದ 80ರವರೆಗೆ ಸಾಲುಗಳು. ಪತ್ರ ಕಳಿಸುವ ಹಿಂದಿನ ರಾತ್ರಿ ಹೆಂಡತಿಗೆ ತೋರಿಸಿದೆ. ಚಾಳೀಸು ಹಾಕಿಕೊಂಡು ಕೆಳಗಿನ ತನಕ ಓದಿದಳು.

“ಇಪ್ಪತ್ತೈದು ವರ್ಷ ಆದಮ್ಯಾಲೂ ಮನಿ ಖರ್ಚು ನಲವತ್ತೆರಡ ಸಾವಿರನ ಏನ್ರೀ?”

ನೋಡಿದೆ. ಎರಡನೇ ಸಾಲಿನಲ್ಲಿ 42,400. ಮೂರನೆಯದರಲ್ಲೂ 42,400. ಕೊನೆಯವರೆಗೂ ಅದೇ. ಸೂತ್ರವನ್ನು ಮೌಸ್ ಹಿಡಿದು ಕೆಳಗೆ ಎಳೆಯುವಾಗ ಶೇ 6 ಬರೆದ ಕೋಶಕ್ಕೆ ಡಾಲರ್ ಗುರುತು ಹಾಕಿ ಕಟ್ಟಿರಲಿಲ್ಲ. ಹೀಗಾಗಿ ಪ್ರತಿ ಸಾಲೂ ಒಂದೊಂದು ಮನೆ ಕೆಳಗಿನ ಖಾಲಿ ಕೋಶವನ್ನು ನೋಡುತ್ತಿತ್ತು. ಎಕ್ಸೆಲ್ ಖಾಲಿಯನ್ನು ಸೊನ್ನೆ ಎಂದುಕೊಂಡಿತು, ತಪ್ಪೆಂದು ಹೇಳಲಿಲ್ಲ. ಡ್ರಾಯರಿನಿಂದ ಹಳೆಯ ಕ್ಯಾಸಿಯೋ ತೆಗೆದು ಪಿ2 ಒತ್ತಿದೆ. 1,71,675 ಎಂದಿತು.

ಇಂಥ ತಪ್ಪು ದೊಡ್ಡವರನ್ನೂ ಬಿಟ್ಟಿಲ್ಲ. ದೇಶಗಳ ಸಾಲದ ಬಗ್ಗೆ ಕಾರ್ಮೆನ್ ರೀನ್‌ಹಾರ್ಟ್ ಮತ್ತು ಹಾರ್ವರ್ಡ್‌ನ ಕೆನೆತ್ ರೋಗಾಫ್ 2010ರಲ್ಲಿ ಪ್ರಕಟಿಸಿದ ಹೆಸರಾಂತ ಪ್ರಬಂಧದ ಎಕ್ಸೆಲ್ ಹಾಳೆಯಲ್ಲಿ ಸರಾಸರಿ ತೆಗೆಯುವಾಗ ಐದು ದೇಶಗಳ ಸಾಲುಗಳೇ ಬಿಟ್ಟುಹೋಗಿದ್ದವು. 2013ರಲ್ಲಿ ಅದನ್ನು ಪತ್ತೆ ಮಾಡಿದವನು ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ. ನಮ್ಮ ಮನೆಯಲ್ಲಿ ಪತ್ತೆ ಮಾಡಿದವಳು ತಿಂಗಳ ಕಿರಾಣಿ ಚೀಟಿ ಬರೆಯುವವಳು.

ಅವಳ ಎರಡನೇ ಪ್ರಶ್ನೆ ಇನ್ನೂ ಕಠಿಣ. “ನೀವು ಎಂಬತ್ತಕ್ಕ ಹಾಳಿ ಮುಗಿಸೀರಿ. ಆವಾಗ ನನಗ ಎಪ್ಪತ್ನಾಕು. ಮುಂದ ನಾ ಏನ್ ಮಾಡ್ಲಿ?” ಉತ್ತರ ಇರಲಿಲ್ಲ. ಇಪಿಎಸ್ ಪಿಂಚಣಿಯ ಸಾಲನ್ನೂ ಮತ್ತೆ ನೋಡಿದೆ. 2014ರ ಸೆಪ್ಟೆಂಬರ್‌ನಿಂದ ಅದರ ಸಂಬಳದ ಮಿತಿ 15,000 ರೂಪಾಯಿ. ನನ್ನಂತೆ ಮಿತಿಯೊಳಗೇ ವಂತಿಗೆ ಕಟ್ಟಿದವರಿಗೆ 35 ವರ್ಷ ದುಡಿದರೂ ತಿಂಗಳಿಗೆ ಸಿಗುವುದು 7,500ರ ಆಸುಪಾಸು. 58ಕ್ಕಿಂತ ಮುಂಚೆ ಪಡೆದರೆ ವರ್ಷಕ್ಕೆ ಶೇ 4 ಕಡಿತ. ನನ್ನ ನಂತರ ಅವಳಿಗೆ ಬರುವುದು ಅರ್ಧ. ಹಾಳೆಯನ್ನು ಅವಳ ತೊಂಬತ್ತರವರೆಗೆ ಎಳೆದು ಸೂತ್ರ ಸರಿಪಡಿಸಿದೆ. ನನ್ನ ಎಪ್ಪತ್ಮೂರನೇ ಸಾಲಿಗೆ ಬಣ್ಣ ಕೆಂಪಾಯಿತು.

ಪತ್ರ ಕಳಿಸಲಿಲ್ಲ. ಭವಿಷ್ಯ ನಿಧಿಗೆ ಕಟ್ಟುವುದನ್ನು ಹೆಚ್ಚಿಸಿದೆ, ಊರಲ್ಲಿ ಮಹಡಿ ಕಟ್ಟಿಸುವ ಯೋಜನೆ ಕೈಬಿಟ್ಟೆ. ಬರುವ ವರ್ಷ 58 ತುಂಬುತ್ತದೆ, ಆಗ ಹೊರಡುತ್ತೇವೆ. ಅವ್ವ ವರ್ಷಕ್ಕೆ ನಾಲ್ಕು ತಿಂಗಳು ಇಲ್ಲಿಗೆ ಬರುತ್ತಾಳೆ. ಮರಾಠಿ ಬಾರದು, ಬಾಲ್ಕನಿಯಲ್ಲಿ ಕೂತು ಬಸ್ಸು ಎಣಿಸುತ್ತಾಳೆ. ಅವಳ ಎಂಬತ್ತೆರಡನೇ ವಯಸ್ಸಿನಲ್ಲಿ ಈ ಮೂರು ವರ್ಷ ಎಷ್ಟು ದೊಡ್ಡದು ಎಂದು ನನಗೆ ಗೊತ್ತು. ಯಾವ ಕೋಶದಲ್ಲೂ ಅದನ್ನು ಬರೆಯಲಾಗಲಿಲ್ಲ.

ಮನೆಯಲ್ಲೇ ಲೆಕ್ಕದ ಹಾಳೆ ಮಾಡಿಕೊಳ್ಳುವ ಓದುಗರಿಗೆ ಅನುಭವದ ಮೂರು ಮಾತು. ಶೇ 6ರಲ್ಲಿ ಮೊತ್ತ ಸುಮಾರು 12 ವರ್ಷಕ್ಕೆ ಎರಡರಷ್ಟಾಗಬೇಕು. ಹನ್ನೆರಡು ವರ್ಷದ ನಂತರದ ಸಾಲು ಹಾಗೆ ಹೇಳದಿದ್ದರೆ ಸೂತ್ರ ತಪ್ಪಿದೆ. ಹಾಳೆ ನಿಮ್ಮ ಆಯುಷ್ಯಕ್ಕೆ ನಿಲ್ಲದೆ ಮನೆಯಲ್ಲಿ ಕೊನೆಗೆ ಉಳಿಯುವವರ ಆಯುಷ್ಯದವರೆಗೆ ಹೋಗಲಿ. ಮತ್ತು ಅದನ್ನು ನೀವು ಮಾತ್ರ ಓದಬೇಡಿ, ಖರ್ಚು ಮಾಡುವವರ ಕೈಗೆ ಕೊಡಿ.

ಈಗ ನನ್ನ ಎರಡೂ ಹಾಳೆಗಳಲ್ಲಿ, ಪ್ಲೈವುಡ್‌ನದರಲ್ಲೂ ಪಿಂಚಣಿಯದರಲ್ಲೂ, ಮೊದಲ ಸಾಲಿನ ಹೆಸರು ಒಂದೇ: ‘ಗರಗಸ ತಿಂದದ್ದು’. ಅದನ್ನು ತುಂಬಿದ ಮೇಲೆಯೇ ಉಳಿದ ಲೆಕ್ಕ.